ಯಡಿಯೂರು ಕೆರೆಯ ಐದು ಸುತ್ತು

ಡ್ರಿಲ್ ಮೇಷ್ಟ್ರು ರಾಮಪ್ರಸಾದರಿಗೆ ಗೊತ್ತಿದ್ದ ಔಷಧಿ ಒಂದೇ, ಓಡಿಸುವುದು. ಹೊಟ್ಟೆನೋವು ಅಂದ ಹುಡುಗನಿಗೆ ಮೈದಾನ ಎರಡು ಸುತ್ತು, ಪರೀಕ್ಷೆಯ ಭಯ ಅಂದವನಿಗೆ ನಾಲ್ಕು. ಜಯನಗರದ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಇದೇ ವೈದ್ಯ ನಡೆಯಿತು. ಎಷ್ಟೋ ಮಕ್ಕಳಿಗೆ ಒಳ್ಳೆಯದೂ ಆಯಿತು, ಸುಳ್ಳು ಹೇಳಬಾರದು. ಮನುಷ್ಯ ಕೆಟ್ಟವರಲ್ಲ, ತಾವು ಹಿಡಿದದ್ದೇ ಹಿಡಿದದ್ದು, ಅಷ್ಟೇ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಅವರ ಹೆಂಡತಿ ಸೀತಾಲಕ್ಷ್ಮಿಯ ತಾಯಿ ತೀರಿಕೊಂಡರು. ಅಲ್ಲಿಂದ ಆಕೆ ಮಂಕಾದರು. ತಲೆ ಬಾಚುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಹಾಲು ಉಕ್ಕಿ ಒಲೆ ಆರಿದರೂ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತಿದ್ದರು. ತ್ಯಾಗರಾಜನಗರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ನಡೆಯಿರಿ, ಅದರಿಂದಲೂ ಮನಸ್ಸು ಹಗುರಾಗುತ್ತದೆ, ಆದರೆ ನಾನು ಹೇಳುವ ತನಕ ಮಾತ್ರೆ ಬಿಡಬೇಡಿ ಎಂದರು. ಮೇಷ್ಟ್ರ ಕಿವಿಗೆ ಬಿದ್ದದ್ದು ನಡೆಯಿರಿ ಅನ್ನುವುದು ಮಾತ್ರ.

ಮರುದಿನದಿಂದಲೇ ಯಡಿಯೂರು ಕೆರೆ. ಮೊದಲ ದಿನ ಅರ್ಧ ಸುತ್ತಿಗೇ ಆಕೆ ಅತ್ತುಬಿಟ್ಟರು. ತಿಂಗಳು ಕಳೆಯುವಷ್ಟರಲ್ಲಿ ಮೂರು ಸುತ್ತಾಯಿತು, ಆಮೇಲೆ ಐದು. ಮಾತ್ರೆಯನ್ನೂ ಆಕೆ ದಿನಾ ತಪ್ಪದೆ ನುಂಗುತ್ತಿದ್ದರು. ಮುಖಕ್ಕೆ ಕಳೆ ಬಂತು. ಒಂದು ದಿನ ತಾವಾಗಿಯೇ ಅವರೆಕಾಯಿ ತಂದು ಸುಲಿಯುತ್ತ ಕೂತರು. ಅದನ್ನು ಕಂಡ ಮೇಷ್ಟ್ರು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತರು.

ಅಲ್ಲಿಗೆ ಸುಮ್ಮನಿರಬಾರದಿತ್ತೇ? ಕೆರೆಗೆ ಬರುವವರಿಗೆಲ್ಲ ಹೆಂಡತಿಯನ್ನು ತೋರಿಸಿ, ಬರೀ ನಡಿಗೆಯಲ್ಲೇ ವಾಸಿ ಮಾಡಿದೆ ನೋಡಿ ಎಂದು ಹೇಳಿಕೊಂಡು ತಿರುಗಿದರು. ಸೀತಾಲಕ್ಷ್ಮಿ ನಕ್ಕು ತಲೆಯಾಡಿಸಿದರು. ಸಂಕ್ರಾಂತಿ ಕಳೆದ ಮೇಲೆ, ಇನ್ನು ಈ ವಿಷ ಯಾಕೆ ಎಂದು ಮೇಷ್ಟ್ರು ಮಾತ್ರೆಯನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಎಂಥ ಅಹಂಕಾರ!

ಬೇಸಗೆಯ ಹೊತ್ತಿಗೆ ಆಕೆಯ ಹೆಜ್ಜೆ ನಿಧಾನವಾಯಿತು. ಸೋಮಾರಿತನ ಅಂದುಕೊಂಡ ಮೇಷ್ಟ್ರು ಚಪ್ಪಾಳೆ ತಟ್ಟುತ್ತ ಮುಂದೆ ನಡೆದರು. ಐದು ಸುತ್ತನ್ನು ಏಳು ಮಾಡಿದರು. ಆಕೆ ನಗುತ್ತಲೇ ಹಿಂದೆ ಬಂದರು. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಜನ ಓಡಾಡುವ ದಾರಿಯ ನಡುವೆಯೇ ಕುಸಿದು ಕೂತರು. ಎಬ್ಬಿಸಲು ಬಂದವರನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಮೇಷ್ಟ್ರು ಆಟೋ ಹಿಡಿದು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಿದ್ದೆ ಬರದೆ ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು. ಎರಡು ತಿಂಗಳು ಎಂದರು ಸೀತಾಲಕ್ಷ್ಮಿ. ಅಷ್ಟು ದಿನವೂ ಪಕ್ಕದಲ್ಲೇ ಗೊರಕೆ ಹೊಡೆದಿದ್ದ ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

“ನಂಗ್ಯಾಕೆ ಹೇಳ್ಲಿಲ್ಲ ನೀನು?”

“ಹೆಂಗ್ ಹೇಳ್ಲಿ?” ಎಂದರು ಆಕೆ. “ಎಲ್ಲರ ಹತ್ರ ನಾನು ವಾಸಿಯಾದೆ ಅಂತ ಹೇಳ್ಕೊಂಡಿದ್ರಿ. ನಿಮ್ಮ ಮುಖ ನೋಡ್ಕೊಂಡು ನಡೀತಿದ್ದೆ ರೀ. ಒಂದೊಂದು ಸುತ್ತೂ ನರಕ.”

ಮಾತ್ರೆ ಮತ್ತೆ ಶುರುವಾಯಿತು. ಚೇತರಿಸಿಕೊಳ್ಳಲು ವರ್ಷವೇ ಹಿಡಿಯಿತು. ನಡಿಗೆಯೂ ಬಿಟ್ಟಿಲ್ಲ, ಅದೂ ಬೇಕೆಂದು ಡಾಕ್ಟರೇ ಹೇಳಿದ್ದಾರೆ. ಈಗ ಆಕೆ ಮುಂದೆ, ಮೇಷ್ಟ್ರು ಹಿಂದೆ. ಆಕೆ ಸಾಕು ಅಂದರೆ ಸಾಕು.

ದಿನಾ ಬೆಳಗ್ಗೆ ಕಾಫಿ ಕೈಗಿಡುತ್ತ ಮೇಷ್ಟ್ರು ಕೇಳುತ್ತಾರೆ, “ನಿದ್ದೆ ಬಂತೇನೇ?”

“ಬಂತು ರೀ,” ಎಂದು ಆಕೆ ನಗುತ್ತಾರೆ.

ನಿಜವೇ ಇರಬಹುದು. ಆದರೆ ಆ ಎರಡು ತಿಂಗಳೂ ಆಕೆ ಹೀಗೆಯೇ ನಕ್ಕಿದ್ದರು. ಮೇಷ್ಟ್ರು ಆಕೆಯ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಏನೂ ತಿಳಿಯುವುದಿಲ್ಲ.