ತಳ ಹಿಡಿದ ಸಾರು

ನಿನ್ನೆ ಸಂಜೆ ಜಪಸರ ಹಿಡಿದು ಕುಳಿತಿದ್ದೆ. ಬನ್ನಂಜೆಯ ನಮ್ಮ ಬಾಡಿಗೆ ಮನೆಯಲ್ಲಿ ಈಗ ಜಪ ಹೇಳುವವಳು ನಾನೊಬ್ಬಳೇ. ಗಂಡ ಅಂಗಡಿ ಮುಚ್ಚಿ ಬರುವಾಗ ಹೊತ್ತಾಗುತ್ತದೆ. ಒಬ್ಬಳೇ ಹೇಳುವ ಜಪದ ಹಣೆಬರಹ ನಿಮಗೂ ಗೊತ್ತಿದ್ದದ್ದೇ. ನಾಲಿಗೆ ಮಾತೆ ಮರಿಯಮ್ಮನ ಬಳಿ, ಮನಸ್ಸು ನಾಳೆಯ ಮೀನಿನ ಬಳಿ. ಅಷ್ಟರಲ್ಲಿ ಪಕ್ಕದ ಮನೆಯಿಂದ ಸಾರು ತಳ ಹಿಡಿದ ವಾಸನೆ ಬಂತು. ಮಣಿಯ ಮೇಲಿದ್ದ ಬೆರಳು ಅಲ್ಲಿಯೇ ನಿಂತಿತು.

ಈ ವಾಸನೆಗೂ ನನಗೂ ಹಳೆಯ ಲೆಕ್ಕ ಉಂಟು. ಕಾಪುವಿನ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ತೇರ್ಸ್ ಶುರುವಾಗುತ್ತಿತ್ತು. ಜಪಸರಕ್ಕೆ ನಾವು ಕೊಂಕಣಿಯಲ್ಲಿ ಹಾಗೆನ್ನುತ್ತೇವೆ. ಒಂದೊಂದು ಮಣಿಗೂ ‘ನಮಾನ್ ಮರಿಯೆ’ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಮಿಕ್ಕವರು ಹೇಳಬೇಕು. ಒಬ್ಬರೇ ಎರಡನ್ನೂ ಹೇಳಿಕೊಳ್ಳುವುದೆಂದರೆ ತನ್ನ ತೊಟ್ಟಿಲನ್ನು ತಾನೇ ತೂಗಿಕೊಂಡ ಹಾಗೆ ಎಂದು ಮಮ್ಮಿ ನಗುತ್ತಿದ್ದಳು. ಜಪ ಮುಗಿಯುವವರೆಗೆ ಯಾರೂ ಏಳಬಾರದೆಂಬುದು ಪಪ್ಪನ ಕಾನೂನು. ಅದರಿಂದ ವಿನಾಯಿತಿ ಇದ್ದದ್ದು ಮಮ್ಮಿಗೆ ಮಾತ್ರ. ಒಲೆಯ ಮೇಲೆ ಬಂಗುಡೆ ಸಾರು ಇಟ್ಟೇ ಬಂದು ಕೂರುತ್ತಿದ್ದಳು. ಅದು ಕೊತಕೊತ ಎಂದ ಕೂಡಲೇ ಎದ್ದು ಹೋಗುತ್ತಿದ್ದಳು. ಆದರೆ ಪ್ರಾರ್ಥನೆ ನಿಲ್ಲುತ್ತಿರಲಿಲ್ಲ. ಅಡುಗೆಮನೆಯಿಂದ ಸೌಟಿನ ಸದ್ದಿನ ಜೊತೆಗೆ ಮೊದಲರ್ಧ ಬರುತ್ತಿತ್ತು, ನಾವು ಚಾವಡಿಯಿಂದ ಉಳಿದರ್ಧ ಕಳಿಸುತ್ತಿದ್ದೆವು. ಸಾರು ಎಂದೂ ತಳ ಹಿಡಿದದ್ದಿಲ್ಲ.

ನನಗೆ ಕಾಯಿಲೆ ಬಂದದ್ದು ತೊಂಬತ್ತೊಂಬತ್ತರ ಸುಮಾರಿಗೆ. ಮಣಿಪಾಲದ ಒಂದು ಸಣ್ಣ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಉಡುಪಿಗೆ ಹೋಗಿ ಬಸ್ಸು ಬದಲಿಸಬೇಕು. ಬಸ್ಸು ಹತ್ತಿದರೆ ಸಾಕು, ಎದೆ ಡವಡವ, ಅಂಗೈ ಒದ್ದೆ, ಈಗಲೇ ಸಾಯುತ್ತೇನೆ ಎಂಬ ಹೆದರಿಕೆ. ನಡುದಾರಿಯ ಕಟಪಾಡಿ ಬಂದಾಗ ಇಳಿದುಬಿಡುತ್ತಿದ್ದೆ. ಇನ್ನೊಂದು ಬಸ್ಸು ಹಿಡಿದು ವಾಪಸ್ ಮನೆಗೆ.

“ಎಂತ ಮಾರಾಯ್ರೆ, ಟಿಕೆಟ್ ಉಡುಪಿಗೆ, ಇಳಿಯುವುದು ಕಟಪಾಡಿಯಲ್ಲಿ! ಇಲ್ಲಿ ಗಂಡನ ಮನೆ ಉಂಟಾ ಹೇಗೆ?” ಎಂದು ಕಂಡಕ್ಟರ್ ಒಮ್ಮೆ ಕೇಳಿದ. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ, ಇಳಿದ ಮೇಲೆ ಅತ್ತೆ. ಕ್ರಮೇಣ ಬಸ್ಸೂ ಬೇಡ, ಆಫೀಸೂ ಬೇಡ, ತಲೆ ಬಾಚುವುದೂ ಬೇಡ ಎಂದಾಯಿತು.

ಇದಕ್ಕೆಲ್ಲ ಪ್ರಾರ್ಥನೆ ಸಾಕು ಎಂದವರಿಗೆ ಮಮ್ಮಿ, “ಹಲ್ಲುನೋವಿಗೂ ಪ್ರಾರ್ಥನೆ ಒಂದೇ ಮಾಡ್ತೀರಾ ನೀವು?” ಎಂದಳು. ನನ್ನನ್ನು ಮಣಿಪಾಲದ ಡಾಕ್ಟರರ ಬಳಿ ಕರೆದುಕೊಂಡು ಹೋದವಳೂ ಅವಳೇ. “ಶಿಲುಬೆ ಗುರುತು ಮಾಡಿ ಮಾತ್ರೆ ನುಂಗು. ದೇವರೂ ಕೆಲಸ ಮಾಡಲಿ, ಮಾತ್ರೆಯೂ ಕೆಲಸ ಮಾಡಲಿ” ಎಂದಳು. ಡಾಕ್ಟರರು ನನ್ನನ್ನು ವಿಚಾರಿಸಿದ ಮೇಲೆ ಅವಳ ಕಡೆ ತಿರುಗಿ, “ನೀವು ಹೇಗಿದ್ದೀರಿ ಅಮ್ಮಾ?” ಎಂದರು. “ನನಗೆಂತ ಡಾಕ್ಟ್ರೇ? ನಾನು ಸರಿ ಇದ್ದೇನೆ” ಎಂದು ಮಮ್ಮಿ ಸೆರಗು ಸರಿಮಾಡಿಕೊಂಡಳು.

ಬಸ್ಸಿನ ಹೆದರಿಕೆಗೆ ಅವಳೇ ಒಂದು ಉಪಾಯ ಹೂಡಿದಳು. “ಮೊದಲರ್ಧ ನಾನು ಮನೆಯಲ್ಲಿ ಹೇಳ್ತಾ ಇರ್ತೇನೆ. ನೀನು ಬಸ್ಸಲ್ಲಿ ಉಳಿದರ್ಧ ಹೇಳು, ಸಾಕು. ನಾನು ಕಾಯ್ತಾ ಇರ್ತೇನೆ ಅಂತ ನೆನಪಿರಲಿ.” ನೀವು ನಗಬಹುದು. ಆದರೆ ಮುಷ್ಟಿಯಲ್ಲಿ ಜಪಸರ ಹಿಡಿದು, ಒಂದೊಂದು ಮಣಿಗೂ ಅವಳಿಗಾಗಿ ಸ್ವಲ್ಪ ನಿಂತು, ಆಮೇಲೆ ನನ್ನ ಪಾಲು ಹೇಳುತ್ತ ಒಂದು ದಿನ ನಾನು ಕಟಪಾಡಿ ದಾಟಿದೆ. ಉದ್ಯಾವರದ ಸೇತುವೆಯ ಮೇಲೆ ಗಾಳಿ ಮುಖಕ್ಕೆ ಬಡಿದಾಗ, ಬದುಕಿದೆನಲ್ಲ ಎನಿಸಿ ಖುಷಿಯಿಂದ ಕಣ್ಣೊರೆಸಿಕೊಂಡೆ.

ಅದೇ ಕಾಲಕ್ಕೆ ಮಮ್ಮಿ ಚರ್ಚಿನಲ್ಲಿ ತಿಂಗಳು ತಿಂಗಳೂ ಪೂಜೆ ಹೇಳಿಸತೊಡಗಿದಳು. ಪೂಜೆ ಯಾರಿಗಾಗಿ ಎಂದು ಎಲ್ಲರ ಮುಂದೆ ಓದುವ ಕ್ರಮ ನಮ್ಮಲ್ಲಿ. ಮಮ್ಮಿಯದ್ದು ಯಾವಾಗಲೂ “ಒಂದು ವಿಶೇಷ ಕೋರಿಕೆಗಾಗಿ.” ಮದುವೆಗೆ ಬಂದ ಮಗಳಿರುವ ಮನೆಯ ವಿಶೇಷ ಕೋರಿಕೆ ಬೇರೆ ಎಂತ ಇರಲಿಕ್ಕೆ ಸಾಧ್ಯ? ಊರಿಗೆ ಊರೇ ಗಂಡು ಹುಡುಕಲು ಹೊರಟಿತು. ಪಡುಬಿದ್ರಿಯಿಂದ ಒಂದು ಸಂಬಂಧ ಬಂದೇ ಬಂತು. ಹುಡುಗ ನನ್ನನ್ನು ನೋಡುವುದಕ್ಕಿಂತ ಹೆಚ್ಚಾಗಿ ಚಕ್ಕುಲಿಯನ್ನೇ ನೋಡಿದ. ನಾನು ಒಳಗೊಳಗೇ ನಗುತ್ತಿದ್ದೆ. ಕೋರಿಕೆ ನನ್ನ ಮದುವೆಗಲ್ಲ, ನನ್ನ ಕಾಯಿಲೆಗೆ ಎಂದು ನನಗೊಬ್ಬಳಿಗೇ ಗೊತ್ತು ಎಂಬ ಜಂಬ ಬೇರೆ.

ಸಾರು ತಳ ಹಿಡಿಯಲು ಶುರುವಾದದ್ದೂ ಆಗಲೇ. ಮಮ್ಮಿ ಜಪದ ಮಧ್ಯೆ ಏಳುವುದನ್ನೇ ಬಿಟ್ಟಳು. ಮನೆ ತುಂಬ ಕರಟಿದ ವಾಸನೆ ಬಂದರೂ ಕಣ್ಣು ಮುಚ್ಚಿ ಕುಳಿತೇ ಇರುತ್ತಿದ್ದಳು. ಪಪ್ಪನಿಗೆ ಹೆಮ್ಮೆಯೋ ಹೆಮ್ಮೆ. “ಕೂತಳೆಂದರೆ ಲೋಕದ ಪರಿವೆಯೇ ಇಲ್ಲ ಅವಳಿಗೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾವು ಕಪ್ಪು ಸಾರನ್ನು ಪ್ರಸಾದದಂತೆ ಉಂಡೆವು. “ಮಮ್ಮಿ, ಸ್ವರ್ಗದಲ್ಲಿ ನಿನ್ನನ್ನು ಅಡುಗೆಗೆ ಮಾತ್ರ ಹಾಕಲಿಕ್ಕಿಲ್ಲ!” ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವಳು ನಕ್ಕಳೆಂದೇ ನನ್ನ ನೆನಪು.

ನಾನು ಸರಿಯಾದೆ. ಮದುವೆಯೂ ಆಯಿತು. ಕೆಲವು ವರ್ಷಗಳ ಮೇಲೆ ಮಮ್ಮಿ ಹೃದಯಾಘಾತವಾಗಿ ತೀರಿಕೊಂಡಳು. ಅವಳು ಹೋಗಿ ತಿಂಗಳು ತುಂಬಿದ ದಿನದ ಪೂಜೆ ಮುಗಿಸಿ ಕುಳಿತಿದ್ದಾಗ, ಕಾರ್ಕಳದಿಂದ ಬಂದಿದ್ದ ಮಾವ್ಶಿಗೆ, ಅಂದರೆ ಮಮ್ಮಿಯ ತಂಗಿಗೆ, “ನನಗೋಸ್ಕರ ಎಷ್ಟು ಪೂಜೆ ಹೇಳಿಸಿದಳು ಪಾಪ” ಎಂದೆ.

ಮಾವ್ಶಿ ನನ್ನ ಮುಖವನ್ನೇ ನೋಡಿದರು. “ನಿನಗೆ ಡಾಕ್ಟರ್ ಇದ್ರಲ್ಲ. ಆ ಪೂಜೆ ಅವಳು ತನಗೇ ಹೇಳಿಸಿದ್ದು. ಕೈಕಾಲು ಏಳುವುದಿಲ್ಲ, ಯಾವುದೂ ಬೇಡ ಅನಿಸ್ತದೆ ಅಂತ ನನ್ನ ಹತ್ರ ಬಂದು ಅಳ್ತಿದ್ಳು. ಡಾಕ್ಟ್ರಿಗೆ ಹೇಳು ಅಂದ್ರೆ, ಒಂದು ಮನೆಯಲ್ಲಿ ಇಬ್ಬರು ಮಲಗಿದ್ರೆ ಅನ್ನ ಮಾಡುವುದು ಯಾರು ಅಂತ ಕೇಳ್ತಿದ್ಳು.”

ಅಯ್ಯೋ ದೇವರೇ! ಅವಳು ಏಳದೆ ಕುಳಿತದ್ದಲ್ಲ, ಏಳಲಾಗದೆ ಕುಳಿತದ್ದು. ಭಕ್ತಿ ಎಂದು ನಾವು ಕೊಂಡಾಡಿದ್ದು ಅದನ್ನೇ. ನಾನು ಬಸ್ಸಿನಲ್ಲಿ ನನ್ನ ಪಾಲು ಹೇಳುತ್ತಿದ್ದಾಗ ಅವಳು ಆ ಅಡುಗೆಮನೆಯಲ್ಲಿ ಒಬ್ಬಳೇ ಮೊದಲರ್ಧ ಹೇಳುತ್ತ ಕುಳಿತಿದ್ದಳು. ಉತ್ತರ ಅವಳ ಕಿವಿಗೆ ಬಿದ್ದದ್ದು ಯಾವಾಗ?

ನಿನ್ನೆ ನಾನು ಜಪ ಅಲ್ಲಿಗೇ ಬಿಟ್ಟು ಎದ್ದೆ. ಪಪ್ಪ ಇದ್ದಿದ್ದರೆ ಗದರುತ್ತಿದ್ದರು. ಪಕ್ಕದ ಮನೆಯಲ್ಲಿರುವುದು ಗದಗ ಕಡೆಯ ರೇಣುಕಾ. ಗಂಡ ಮಣಿಪಾಲದಲ್ಲಿ ಟೈಲ್ಸ್ ಕೆಲಸ ಮಾಡುತ್ತಾನೆ. ಬಾಗಿಲು ತಟ್ಟಿದೆ. ತೆರೆಯಲು ತುಂಬ ಹೊತ್ತು ಹಿಡಿಯಿತು.

“ಬ್ಯಾಳಿ ಸಾರು ತಳಕ್ಕ ಹತ್ತೇತ್ರಿ ಆಂಟಿ. ಏನಿಲ್ರಿ, ನಾ ಆರಾಮ ಅದೀನ್ರಿ” ಎಂದಳು. ತಲೆ ಬಾಚಿರಲಿಲ್ಲ.

ಒಳಗೆ ಹೋಗಿ ಗ್ಯಾಸ್ ಆಫ್ ಮಾಡಿದೆ. ಪಾತ್ರೆ ಇಳಿಸಿ ನೀರು ಹೊಯ್ದೆ. ಆಮೇಲೆ ಅವಳನ್ನು ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, “ನೀನು ಆರಾಮಿಲ್ಲ ಮಗಾ. ಎಂತ ಆಗ್ತಾ ಉಂಟು, ಹೇಳು. ನನಗೇನೂ ಅವಸರ ಇಲ್ಲ” ಎಂದೆ.

ಅವಳು ಹೇಳತೊಡಗಿದಳು. ಜಪಸರ ನನ್ನ ಮುಷ್ಟಿಯಲ್ಲೇ ಇತ್ತು, ಅರ್ಧಕ್ಕೇ ನಿಂತಿತ್ತು. ಇರಲಿ, ಉಳಿದರ್ಧ ಮಮ್ಮಿ ಹೇಳಿಯಾಳು.