ಯಾರಿಗೆ ಹೇಳಿದ ಹ್ಞೂಂ

ನಿಮ್ಮ ಫೋನು, ನಿಮ್ಮ ಮಗು, ಎರಡೂ ಒಂದೇ ಸಲಕ್ಕೆ ನೀರಿಗೆ ಬಿದ್ದರೆ ಮೊದಲು ಕೈ ಹಾಕುವುದು ಯಾವುದಕ್ಕೆ? ಇದೂ ಒಂದು ಕೇಳುವ ಮಾತೇ ಅಂತ ಮೂಗು ಮುರಿಯಬೇಡಿ. ಟೈಪ್ ಮಾಡುವುದನ್ನು ಈಚೆಗೆ ಕಲಿತವಳು ನಾನು, ಒಂದೇ ಬೆರಳಲ್ಲಿ ಕುಟ್ಟುತ್ತೇನೆ. ಬೈಗುಳ ನಿಧಾನವಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ.

ಈ ಬೇಸಿಗೆ ರಜೆಯಲ್ಲಿ ಮಗ, ಸೊಸೆ, ಐದು ವರ್ಷದ ಮೊಮ್ಮಗಳು ಮತ್ತು ನಾನು ಹುಣಸೂರಿನಿಂದ ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದೆವು. ಎದುರಿಗೇ ಕಬಿನಿ ಹಿನ್ನೀರು. ಅದು ಸಾಲದೆಂದು ನೀಲಿ ಟೈಲ್ಸ್ ಅಂಟಿಸಿದ ಸ್ವಿಮ್ಮಿಂಗ್ ಪೂಲ್ ಬೇರೆ. ಒಂದು ತುದಿಯಲ್ಲಿ ಮೊಮ್ಮಗಳ ಸೊಂಟದವರೆಗೆ ನೀರು. ಅಲ್ಲಿಂದ ನೆಲ ಇಳಿಯುತ್ತಾ ಹೋಗಿ ಇನ್ನೊಂದು ತುದಿಯಲ್ಲಿ ನನ್ನ ಎದೆಯವರೆಗೆ. ನಡುವೆ ಅಡ್ಡಕ್ಕೆ ಒಂದು ಹಗ್ಗವಾದರೂ ಬೇಡವೇ? ಇರಲಿಲ್ಲ.

ಮಗು ಆಳವಿಲ್ಲದ ಕಡೆ ಕುಣಿಯುತ್ತಿತ್ತು. ಮಗ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಸೊಸೆ ಎದ್ದಳು.

"ರೀ, ಮಗೀನ ವಸಿ ನೋಡ್ಕಳಿ. ಟವಲ್ ತತ್ತೀನಿ."

"ಹ್ಞೂಂ," ಅಂದ ಮಗ.

ನಾನೂ ಕಿವಿಯಾರೆ ಕೇಳಿದೆ. ಸರಿ, ಅಪ್ಪ ಇದ್ದಾನಲ್ಲ ಎಂದು ಮಾವಿನಹಣ್ಣು ತಿಂದ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ತಿರುಗಿ ನೋಡಿದರೆ ಮಗು ಅಲ್ಲಿಲ್ಲ. ಆಳದ ಕಡೆ ಜಾರಿ ಹೋಗಿದೆ. ತಲೆ ಹಿಂದಕ್ಕೆ ವಾಲಿ, ಕೂದಲು ಕಣ್ಣಿಗೆ ಅಂಟಿ, ಬಾಯಿ ನೀರಿನ ಮಟ್ಟಕ್ಕೆ ಬಂದು ಮತ್ತೆ ಒಳಗೆ ಹೋಗುತ್ತಿದೆ. ಮುಳುಗುವ ಮಗು ಕೂಗಿಕೊಳ್ಳುತ್ತದೆ ಅಂತ ಯಾರು ಹೇಳಿದರೋ! ಬಾಯಿ ತೆರೆದಿತ್ತು, ಸದ್ದೇ ಇರಲಿಲ್ಲ. ಅಪ್ಪನೆಂಬುವನು ನೀರಿಗೆ ಬೆನ್ನು ಹಾಕಿದ್ದ.

ಸೀರೆ ಸಮೇತ ಇಳಿದೆ. ಮಂಡಿ ನೋವು ಅಂತ ಮೆಟ್ಟಿಲು ಹತ್ತದವಳು ಆ ನೀರನ್ನು ಹೇಗೆ ಸೀಳಿಕೊಂಡು ಹೋದೆನೋ. ರಟ್ಟೆ ಹಿಡಿದು ಎತ್ತಿ ಹೆಗಲಿಗೆ ಹಾಕಿಕೊಂಡೆ. ಕೆಮ್ಮಿತು, ನೀರು ಕಕ್ಕಿತು, ಆಮೇಲೆ ಕಿರುಚಿ ಅತ್ತಿತು. ಆಗ ತಿರುಗಿದ ನಮ್ಮ ಮಗರಾಯ. ತಿರುಗಿದವನು ನಕ್ಕ.

"ಇದೇನವ್ವ, ಸೀರೇಲೇ ಇಳ್ದುಬುಟ್ಟಿದ್ದೀಯ?"

"ನಗ್ತೀಯೇನ್ಲಾ? ಕೂಸು ಮುಳುಗ್ತಿತ್ತು ಕಣ್ಲಾ!"

ಅವನ ಮುಖ ಬಿಳಿಚಿತು. ಆದರೂ ಕೇಳಿ, ಓಡಿ ಬರುವ ಮೊದಲು ಕೈಯಲ್ಲಿದ್ದ ಫೋನಿಗೆ, "ಒಂದ್ನಿಮ್ಷ ಅಣ್ಣ, ಆಮೇಲ್ ಮಾಡ್ತೀನಿ," ಎಂದು ಮರ್ಯಾದೆಯಿಂದ ಹೇಳಿಯೇ ಬಂದ. ನನ್ನ ಕೈಯಲ್ಲಿ ಮಗು ಇದ್ದದ್ದರಿಂದ ಅವನ ಕೆನ್ನೆ ಉಳಿಯಿತು.

ಸೊಸೆ ಟವಲ್ ಹಿಡಿದು ಓಡಿ ಬಂದಳು. "ನಿಮ್ಗೇ ಯೋಳಿ ಓದ್ನಲ್ರೀ! ಹ್ಞೂಂ ಅಂದ್ರಲ್ಲ!"

"ನಂಗೆಲ್ ಯೋಳ್ದೆ ನೀನು? ನಾನ್ ಹ್ಞೂಂ ಅಂದಿದ್ದು ಲಾರಿಯವ್ನಿಗೆ. ನಾಳೆ ಸುಂಠಿ ಲೋಡ್ ಮಾಡ್ಲಾ ಅಂತ ಕೇಳ್ತಿದ್ದ."

ಲಾರಿಯವನಿಗೆ! ಕಿವಿಯೊಳಗೆ ಕಡಲೆಬೀಜದ ಗಾತ್ರದ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ. ಪಕ್ಕದಲ್ಲಿ ನಿಂತ ಹೆಂಡತಿಯ ಮಾತು ಅದರೊಳಕ್ಕೆ ಹೋಗಿಯೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹ್ಞೂಂ ಎನ್ನುವಷ್ಟು ಸೋಮಾರಿ ಮಾತು ಇನ್ನೊಂದಿಲ್ಲ. ತಲೆ ಎತ್ತಬೇಕಿಲ್ಲ, ತುಟಿ ಬಿಚ್ಚಬೇಕಿಲ್ಲ. ಕಥೆ ಕೇಳುವವರೂ ಹ್ಞೂಂ, ಕೇಳುತ್ತಲೇ ನಿದ್ದೆ ಹೋದವರೂ ಹ್ಞೂಂ. ಅಂಥ ಒಂದು ಹ್ಞೂಂಗೆ ಮಗುವಿನ ಪ್ರಾಣವನ್ನು ನೇತುಹಾಕಿ ಹೋಗಿದ್ದೆವು.

ರೂಮಿಗೆ ಬಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ.

"ಕೇಳ್ರಿಲ್ಲಿ. ನನ್ ತವ್ರು ಅನಗೋಡಲ್ಲಿ ವೊಳೇಗೆ ಬಟ್ಟೆ ಒಗ್ಯಾಕ್ ಓದ್ರೆ ಒಬ್ಳು ಬಟ್ಟೆ ಮುಟ್ತಿರ್ಲಿಲ್ಲ. ಬರಿಗೈಲಿ ಮಕ್ಳ ಕಾಯ್ತಾ ಕೂರೋಳು. ಅವ್ಳು ಏಳ್ಬೇಕು ಅಂದ್ರೆ ಇನ್ನೊಬ್ಳ ಭುಜ ಮುಟ್ಟಿ 'ಮಕ್ಳ ಕೊಟ್ಟೆ ಕಣವ್ವ' ಅನ್ಬೇಕು. ಅವ್ಳು ಮಕ ನೋಡಿ 'ಇಸ್ಕೊಂಡೆ' ಅನ್ಬೇಕು. ಅನ್ನೋಗಂಟ ಇವ್ಳು ಏಳಂಗಿಲ್ಲ. ಹ್ಞೂಂ ಗೀಂ ನಡೀತಿರ್ಲಿಲ್ಲ. ಇನ್ಮೇಲೆ ನೀರಿನ್ ತಾವ ನೀವೂ ಅಂಗೇ ಮಾಡಿ. ಕಾಯೋರ ಕೈಲಿ ಫೋನಿರ್ಕೂಡ್ದು. ತಿಳೀತಾ?"

ಮಗ ಫೋನನ್ನು ಜೇಬಿಗೆ ಇಳಿಸಿದ. ನಾನು ಸೊಸೆಯ ಕಡೆ ತಿರುಗಿದೆ. "ನೀನೂ ಅಷ್ಟೇ ಕಣಮ್ಮ. ಅವ್ನು ಇಸ್ಕೊಂಡ್ನೋ ಇಲ್ವೋ ಅಂತ ಮಕ ನೋಡಿ ಓಗ್ಬೇಕಾಗಿತ್ತು."

ಅವಳು ಮಗುವಿನ ತಲೆ ಒರೆಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ವೊಳೆ ತಾವ ಬರೀ ಎಂಗಸ್ರೇ ಇಸ್ಕೊಂಡೆ ಅಂತಿದ್ರಾ ಅತ್ತೆ? ಗಂಡುಸ್ರಿಗೆ ಯಾರೂ ಕಲಿಸ್ಲೇ ಇಲ್ವಾ?"