ತಾಮ್ರದ ತಗಡಿನಲ್ಲಿ ಉಳಿದವನು

ನೇಕಾರನ ಹೆಂಡತಿ ಬಾರ್ಬೆಲ್ ಜರಡಿಯನ್ನು ಬೆಳಕಿಗೆ ಹಿಡಿದು, ಕುದುರೆಬಾಲದ ಕೂದಲ ಹೆಣಿಗೆಯಲ್ಲಿ ಎಲ್ಲಾದರೂ ತೂತಿದೆಯೇ ಎಂದು ಹುಡುಕುತ್ತಿದ್ದಳು. ಅದನ್ನು ಮಾರಲು ಬಂದು ಹೊಸ್ತಿಲಾಚೆ ನಿಂತಿದ್ದ ಅಲೆಮಾರಿ ಬಿಡಾರದ ಪ್ಲೋನಾ ಸುಮ್ಮನೆ ಒಳಗೆ ಕಣ್ಣು ಹಾಯಿಸಿದಳು. ಒಲೆಯ ಪಕ್ಕದ ಗೋಡೆಗೆ ಒಂದು ಅಚ್ಚಿನ ಚಿತ್ರ ಅಂಟಿಸಿದ್ದರು. ಅದರಲ್ಲಿ ಪ್ಲೋನಾಳ ಬಿಡಾರದ ಗಾಡಿ, ಅವರದೇ ಕುದುರೆ. ಲಗಾಮು ಹಿಡಿದು ನಿಂತವನು ಅವಳ ಗಂಡ.

“ಯಾಕೆ ಹಂಗೆ ನೋಡ್ತೀಯ? ನಿಮ್ಮೋರ್ದೇ ಅಲ್ವಾ ಅದು?” ಬಾರ್ಬೆಲ್ ನಕ್ಕಳು. “ಕಳ್ಳರ ಚಿತ್ರ ಇರೋ ಮನೆಗೆ ಕಳ್ಳರು ಬರಲ್ವಂತೆ. ಅದಕ್ಕೇ ಹಚ್ಚಿದೀನಿ.”

“ಜರಡಿಗೆ ದುಡ್ಡು ಬೇಡ, ನೀವೇ ಇಟ್ಕೊಳ್ಳಿ ಅಕ್ಕ. ಆ ಹಾಳೆ ಕೊಡಿ.”

“ತಗೊಂಡು ಹೋಗು, ನಂಗೇನು! ಚಿತ್ರ ಕೆತ್ತೋ ಯೋಬ್ಸ್ಟ್ ಅಂಗಡೀಲಿ ರಾಶಿ ಬಿದ್ದಿದೆ.”

ಪ್ಲೋನಾಳ ಗಂಡ ತೀರಿಕೊಂಡದ್ದು ಆ ವರ್ಷದ ಹಿಮ ಕರಗುವ ಹೊತ್ತಿಗೆ. ಅಂದಿನಿಂದ ಅವನ ಹೆಸರನ್ನು ಬಿಡಾರದಲ್ಲಿ ಯಾರೂ ಎತ್ತಿರಲಿಲ್ಲ. ಅವನ ಕೋಟು, ಚಿಲುಮೆ, ಪಿಟೀಲು, ಕೊನೆಗೆ ಮಲಗುತ್ತಿದ್ದ ಗಾಡಿಯನ್ನೂ ನೆಕ್ಕರ್ ನದಿಯ ದಡದಲ್ಲಿ ಸುಟ್ಟರು. ಸತ್ತವನದು ಏನೂ ಉಳಿಯಬಾರದು. ಉಳಿದರೆ ಅದನ್ನು ಹುಡುಕಿಕೊಂಡು ಅವನು ಬರುತ್ತಾನೆ. ಹಿಂದಿನ ಬೇಸಿಗೆಯಲ್ಲಿ ಬಿಡಾರಕ್ಕೆ ಬಂದು ಚಿತ್ರ ಬರೆದುಕೊಂಡು ಹೋದ ಕೆತ್ತನೆಗಾರ ಯೋಬ್ಸ್ಟ್ ಮಾತ್ರ ಯಾರ ನೆನಪಿಗೂ ಬರಲಿಲ್ಲ. ಅರ್ಧ ದಿನ ಅಲುಗಾಡದೆ ನಿಲ್ಲಲು ಗಂಡ ಗೊಣಗಿದ್ದ. ಬಿಸಿ ರೊಟ್ಟಿ, ಇಡೀ ಚೀಸು ಸಿಗುತ್ತದೆಂದು ಅವನನ್ನು ಒಪ್ಪಿಸಿದವಳು ಪ್ಲೋನಾಳೇ.

ಅತ್ತೆ ಗ್ರೇಟ್ಲಾ ಹಾಳೆಯನ್ನು ಕೈಯಿಂದ ಮುಟ್ಟಲಿಲ್ಲ. ಎರಡು ಕಡ್ಡಿಗಳಲ್ಲಿ ಹಿಡಿದು ಬೆಂಕಿಗೆ ಹಾಕಿದಳು.

“ಇದು ಬರೀ ಮರಿ. ತಾಯಿ ಅಂದ್ರೆ ಇದನ್ನ ಅಚ್ಚೊತ್ತೋ ಆ ತಾಮ್ರದ ತಗಡು. ಅದಿರೋ ತನಕ ಅವನಿಗೂ ಬಿಡುಗಡೆ ಇಲ್ಲ, ನಮಗೂ ಇಲ್ಲ. ನಿಲ್ಲಿಸಿದೋಳು ನೀನು, ನೀನೇ ಬಿಡಿಸ್ಕೊಂಡು ಬಾ. ಅಲ್ಲೀವರೆಗೂ ನಿನ್ನ ಬಟ್ಟಲು ಬೇರೆ, ನಿನ್ನ ಬೆಂಕಿ ಬೇರೆ.”

“ರೊಟ್ಟಿ ತಿಂದಿದ್ದು ನಾವೆಲ್ಲಾ, ಬೈಗುಳ ಮಾತ್ರ ನಿಮಗೊಬ್ಬರಿಗೇ ನೋಡಿ ಅತ್ತಿಗೆ,” ಎಂದ ಮೈದುನ. ಅತ್ತೆ ತಿರುಗಿ ನೋಡಿದ್ದೇ ತಡ, ಕುದುರೆಗೆ ನೀರು ಕುಡಿಸುವ ನೆಪ ಹಿಡಿದು ಎದ್ದುಹೋದ.

ಮರುದಿನ ಪ್ಲೋನಾ ಒಬ್ಬಳೇ ಊರಿಗೆ ಹೋದಳು. ಯೋಬ್ಸ್ಟ್ ಕೆಟ್ಟ ಮನುಷ್ಯನಲ್ಲ. ಅವಳನ್ನು ಗುರುತು ಹಿಡಿದ, ಕೂರಲು ಮಣೆ ಕೊಟ್ಟ, ಕೈಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡ.

“ತಗಡು ಕೊಡೋಕಾಗಲ್ಲ ಕಣಮ್ಮ. ನಗರಸಭೆಯೋರು ಅದನ್ನೇ ಕೇಳಿದಾರೆ. ಡ್ಯೂಕರ ಹೊಸ ಆಜ್ಞೆ ಬಂದಿದೆಯಲ್ಲ, ನಿಮ್ಮೋರನ್ನ ಊರೊಳಗೆ ಬಿಡಬಾರ್ದು ಅಂತ? ಅದರ ತಲೆಮೇಲೆ ಈ ಚಿತ್ರ ಅಚ್ಚಾಗುತ್ತೆ. ಪ್ರತಿ ಊರಬಾಗಿಲಿಗೂ ಒಂದೊಂದು.”

ಯಾವ ದಾರಿ ಹಿಡಿದರೂ ಇನ್ನು ಎದುರಿಗೆ ಗಂಡನೇ ನಿಂತಿರುತ್ತಾನೆ.

“ಅವರೊಬ್ಬರನ್ನ ಅಳಿಸಿಬಿಡಿ ಯಜಮಾನ್ರೇ.”

“ಅಳಿಸಬಹುದು. ಹೆರೆದು, ಹಿಂದಿನಿಂದ ಬಡಿದು ಮಟ್ಟ ಮಾಡಿ, ತಿಕ್ಕಿದ್ರೆ ಗುರುತೇ ಸಿಗಲ್ಲ. ಆದ್ರೆ ಆ ಜಾಗದಲ್ಲಿ ಯಾರಾದ್ರೂ ನಿಲ್ಲಬೇಕಲ್ಲ? ನಾನಾಗಿ ಕಲ್ಪಿಸಿ ಕೆತ್ತಿದ್ರೆ ಗೊಂಬೆ ಥರ ಆಗುತ್ತೆ, ಸಭೆಯೋರು ವಾಪಸ್ ಕಳಿಸ್ತಾರೆ.” ಅವನು ಅವಳ ಮುಖವನ್ನೇ ನೋಡಿದ. “ನೀನು ನಿಲ್ತೀಯ?”

“ನಾನು ನಿಂತ್ರೆ, ಬಾಗಿಲು ಕಾಯೋರು ನನ್ನ ಗುರುತು ಹಿಡೀತಾರೆ.”

“ಹಿಡೀತಾರೆ. ನನ್ನ ಕೈ ಅಷ್ಟು ಕೆಟ್ಟದ್ದಲ್ಲ.”

ಜರಡಿ ಹೆಣೆಯುವುದು ಬಿಡಾರದ ಎಲ್ಲರಿಗೂ ಗೊತ್ತು. ಬಾಗಿಲ ಕಾವಲುಗಾರನನ್ನು ನಗಿಸಿ ಒಳಗೆ ಹೋಗಿ, ಮನೆ ಮನೆಗೆ ಮಾರಿ ಬರುವ ಎದೆಗಾರಿಕೆ ಅವಳೊಬ್ಬಳಿಗಿತ್ತು. ಆಜ್ಞೆ ಬಂದ ಮೇಲೂ ಅದು ನಡೆದೀತೆಂಬ ಭರವಸೆ ಅವಳಿಗೆ ಇತ್ತು. ಈಗ ಚಿತ್ರಕ್ಕೆ ನಿಂತರೆ ಊರಿಗೆ ಹೋಗುವುದನ್ನೇ ಬಿಡಬೇಕು, ಇಲ್ಲವೇ ಇದ್ದಷ್ಟು ದಿನವೂ ಬೇರೆ ಬೆಂಕಿಯ ಮುಂದೆ ಒಬ್ಬಳೇ ಉಣ್ಣಬೇಕು, ಗಂಡನೂ ಬಾಗಿಲು ಬಾಗಿಲಲ್ಲಿ ನಿಂತಿರಬೇಕು.

“ಮೊದಲು ಅಳಿಸಿ,” ಎಂದಳು. “ಅದನ್ನ ನೋಡಿದ ಮೇಲೆ ನಿಲ್ತೀನಿ.”

ಯೋಬ್ಸ್ಟ್ ಅಂಗಡಿಯಲ್ಲಿ ಉಳಿದಿದ್ದ ಹಾಳೆಗಳನ್ನು ಒಲೆಗೆ ಹಾಕಿ, ಅವಳ ಎದುರಿಗೇ ತಗಡನ್ನು ಹೆರೆದ. ಮೊದಲು ಟೋಪಿ ಹೋಯಿತು, ಆಮೇಲೆ ಹಣೆ, ಬಾಯಿ. ತಾಮ್ರ ಆ ಜಾಗದಲ್ಲಿ ಹೊಸದರಂತೆ ಹೊಳೆಯಿತು. ಪ್ಲೋನಾ ಎದ್ದು ಕಿಟಕಿಯ ಬಳಿ ಹೋಗಿ, ಇಲ್ಲದ ಲಗಾಮನ್ನು ಹಿಡಿದಂತೆ ಕೈ ಚಾಚಿ ನಿಂತಳು.

“ಗಲ್ಲ ಸ್ವಲ್ಪ ಮೇಲಕ್ಕೆ,” ಎಂದ ಅವನು. “ಹಾಂ, ಹಂಗೇ ಇರು. ಅಲುಗಾಡಬೇಡ.”

ಅಂದು ಸಂಜೆ ಅತ್ತೆ ತನ್ನ ಬೆಂಕಿಯ ಪಕ್ಕ ಸರಿದು ಅವಳಿಗೆ ಜಾಗ ಮಾಡಿದಳು. ಸುಗ್ಗಿ ಮುಗಿಯುವ ಹೊತ್ತಿಗೆ ಲಗಾಮು ಹಿಡಿದ ಪ್ಲೋನಾಳ ಮುಖ ಹೊತ್ತ ಆಜ್ಞೆಯ ಹಾಳೆಗಳು ಊರಬಾಗಿಲುಗಳಿಗೆ ಬಂದವು. ಆ ಚಳಿಗಾಲದಿಂದ ಜರಡಿ ಮಾರಲು, ಕಾವಲುಗಾರರು ಮುಖ ಅರಿಯದ ನಾದಿನಿ ಹೋಗತೊಡಗಿದಳು. ಪ್ಲೋನಾ ಕಾಡಿನಂಚಿನ ಬಿಡಾರದಲ್ಲೇ ಉಳಿದಳು.